ಕೈಲಾಸದ ಮುಚ್ಚಳ, ಕರಾವಳಿಯ ಸಂಜೆ

ಕನ್ನಡ ಕಾವ್ಯದಲ್ಲಿ ಹಿಮಪರ್ವತದ ವರ್ಣನೆ ಬಹಳ ಹಳೆಯದು. ಹಿಮಪರ್ವತವನ್ನು ಕಣ್ಣಾರೆ ಕಂಡು ಬರೆದದ್ದು ಮಾತ್ರ ಈಚಿನದು. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ ಅರ್ಜುನನನ್ನು ತಪಸ್ಸಿಗೆಂದು ಇಂದ್ರಕೀಲಕ್ಕೆ ಕಳಿಸುತ್ತಾನೆ. ಪಂಪ ಹಿಮಾಲಯ ನೋಡಿದ್ದನೇ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮಹಾಕಾವ್ಯದಲ್ಲಿ ಏನೇನು ವರ್ಣನೆ ಇರಬೇಕೆಂದು ದಂಡಿ ಕೊಟ್ಟ ಪಟ್ಟಿಯಲ್ಲಿ ಕಡಲಿದೆ, ಪರ್ವತವಿದೆ, ಸೂರ್ಯಚಂದ್ರರ ಉದಯವಿದೆ. (ಅಸ್ತಮಾನಕ್ಕೆ ಆ ಪಟ್ಟಿಯಲ್ಲಿ ಹೆಸರಿಟ್ಟ ಜಾಗವಿಲ್ಲ, ಕವಿಗಳೇ ಅದನ್ನು ಸೇರಿಸಿಕೊಂಡರು.) ಬರೆಯುವವರೂ ಓದುವವರೂ ನೋಡದ ಬೆಟ್ಟ ಅದು. ಹಿಮ ಕನ್ನಡಕ್ಕೆ ಮೊದಲು ಬಂದದ್ದು ಶಬ್ದವಾಗಿ. ಚಳಿಯಾಗಿ ಬಂದದ್ದು ಎಷ್ಟೋ ಕಾಲದ ಮೇಲೆ.

ಈಗ ಇದು ತಿರುವುಮುರುವಾಗಿದೆ. ಹಿಮಶಿಖರ ಎಲ್ಲರ ಫೋನಿನಲ್ಲೂ ಇದೆ, ಶಬ್ದ ಕಡಿಮೆಯಾಗಿದೆ. ಸಂಜೆಬೆಳಕಿನ ಹಿಮಶಿಖರ ಎಂದೊಡನೆ ಹೆಚ್ಚಿನವರ ಕಣ್ಣಮುಂದೆ ಬರುವುದು ಜಪಾನಿನ ಫ್ಯೂಜಿ. 3,776 ಮೀಟರ್ ಎತ್ತರದ ಜ್ವಾಲಾಮುಖಿ, ಕೊನೆಯ ಬಾರಿ ಬೆಂಕಿ ಉಗುಳಿದ್ದು 1707ರಲ್ಲಿ. ಹಿಮದ ಮೇಲೆ ಬೆಳಗಿನ ಅಥವಾ ಸಂಜೆಯ ಕೆಂಪು ಬಿದ್ದಾಗ ಅದಕ್ಕೊಂದು ಹೆಸರು, ಸೂರ್ಯ ನೇರವಾಗಿ ಶಿಖರದ ತುದಿಗೆ ಬಂದು ಕೂತಾಗ ಇನ್ನೊಂದು ಹೆಸರು. 2013ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನೈಸರ್ಗಿಕ ತಾಣವೆಂದು ಸೇರಿಸಲಿಲ್ಲ. ಪೂಜೆಗೂ ಕಲೆಗೂ ಮೂಲವಾದ ಸಾಂಸ್ಕೃತಿಕ ತಾಣವೆಂದು ಸೇರಿಸಿತು. ಅಂದರೆ ಬೆಟ್ಟಕ್ಕಿಂತ ಬೆಟ್ಟವನ್ನು ನೋಡಿದ ಕಣ್ಣುಗಳಿಗೆ ಆ ಗೌರವ. ಸಾಹಿತ್ಯದ ವಿದ್ಯಾರ್ಥಿಗೆ ಇದು ಸಂತೋಷದ ವಿಷಯ. ಆದರೆ ಆ ಕಣ್ಣುಗಳು ಏನನ್ನು ನೋಡಿದವು ಎಂದು ಕೇಳಿದರೆ ಸಂತೋಷ ಅಷ್ಟು ಸರಳವಾಗಿ ಉಳಿಯುವುದಿಲ್ಲ.

ಹೊಕುಸಾಯಿ 1830ರ ದಶಕದ ಮೊದಲಲ್ಲಿ ಮಾಡಿದ ‘ಫ್ಯೂಜಿಯ ಮೂವತ್ತಾರು ನೋಟಗಳು’ ಎಂಬ ಮಾಲೆಯಲ್ಲಿ ನಿಜಕ್ಕೂ ನಲವತ್ತಾರು ಚಿತ್ರಗಳಿವೆ. ಅದರಲ್ಲಿ ಲೋಕಕ್ಕೆಲ್ಲ ಗೊತ್ತಿರುವುದು ಕನಗಾವಾದ ದೊಡ್ಡ ಅಲೆಯ ಚಿತ್ರ. ಎದ್ದು ಬಾಯಿ ತೆರೆದ ಅಲೆ, ಅದರಡಿಯಲ್ಲಿ ಮೂರು ದೋಣಿ, ದೂರದಲ್ಲಿ ಹೆಬ್ಬೆಟ್ಟಿನಷ್ಟು ಫ್ಯೂಜಿ, ಅದರ ನೆತ್ತಿಯ ಮೇಲೆ ಹಿಮ. ಅಲೆಯ ನೊರೆಯೂ ಹಿಮವೂ ಒಂದೇ ಬಿಳಿ. ಈ ಚಿತ್ರದ ಬಗ್ಗೆ ಬರೆದವರು ಹೆಚ್ಚಾಗಿ ಅಲೆಯ ಬಗ್ಗೆ, ಇಲ್ಲವೇ ಬೆಟ್ಟದ ಬಗ್ಗೆ ಬರೆಯುತ್ತಾರೆ. ಹೊನ್ನಾವರದ ಕಡೆಯವಳಾದ ನನಗೆ ಮೊದಲು ಕಂಡದ್ದು ದೋಣಿಯವರು. ಅದು ಮೀನು ಸಾಗಿಸುವ ದೋಣಿ. ಅದರಲ್ಲಿರುವ ಒಬ್ಬನೂ ಫ್ಯೂಜಿಯ ಕಡೆ ನೋಡುತ್ತಿಲ್ಲ. ಎಲ್ಲರೂ ಬಗ್ಗಿ ಹುಟ್ಟು ಹಿಡಿದಿದ್ದಾರೆ. ಬೆಟ್ಟವನ್ನು ನೋಡುತ್ತಿರುವುದು ನಾವು, ಮುಳುಗುವ ಭಯವಿಲ್ಲದವರು. ಹೊಕುಸಾಯಿ ದೊಡ್ಡ ಕಲಾವಿದ ಅನ್ನಿಸುವುದು ಈ ಕಾರಣಕ್ಕೆ: ಮೆಚ್ಚುವವರಿಗೆ ಬೆಟ್ಟವನ್ನೂ ಕೊಟ್ಟ, ಮೆಚ್ಚಲು ಪುರಸೊತ್ತಿಲ್ಲದವರನ್ನೂ ಚೌಕಟ್ಟಿನೊಳಗೇ ಇಟ್ಟ.

ನೂರು ವರ್ಷದ ಮೇಲೆ, 1939ರಲ್ಲಿ, ದಜಾಯಿ ಒಸಾಮು ಎಂಬ ಲೇಖಕ ಫ್ಯೂಜಿಯ ನೂರು ನೋಟಗಳ ಬಗ್ಗೆ ಒಂದು ಬರಹ ಬರೆದ. ಅರ್ಧ ಕತೆ, ಅರ್ಧ ಪ್ರಬಂಧ. ಕಣಿವೆಯ ಚಹಾದಂಗಡಿಯಲ್ಲಿ ಉಳಿದುಕೊಂಡ ಲೇಖಕನಿಗೆ ಎದುರಿನ ಫ್ಯೂಜಿ ಸ್ನಾನಗೃಹದ ಗೋಡೆಯ ಚಿತ್ರದಂತೆ ಕಂಡು ನಾಚಿಕೆಯಾಗುತ್ತದೆ. ಕೊನೆಯ ಭಾಗದಲ್ಲಿ ಇಬ್ಬರು ಹುಡುಗಿಯರು ಬಂದು, ಬೆಟ್ಟದ ಜೊತೆ ನಮ್ಮದೊಂದು ಫೋಟೋ ತೆಗೆಯಿರಿ ಎನ್ನುತ್ತಾರೆ. ಅವನು ಹುಡುಗಿಯರನ್ನು ಪೂರ್ತಿ ಹೊರಗೆ ಬಿಟ್ಟು ಬರೀ ಫ್ಯೂಜಿಯನ್ನು ತೆಗೆದು ಕ್ಯಾಮೆರಾ ವಾಪಸು ಕೊಡುತ್ತಾನೆ. ಓದುವಾಗ ನಗು ಬರುತ್ತದೆ. ಆದರೆ ನಾವು ಸೂರ್ಯಾಸ್ತದ ಫೋಟೋ ತೆಗೆಯುವ ಕ್ರಮವೂ ಸರಿಯಾಗಿ ಅದೇ. ಮನುಷ್ಯರು ಹೊರಗೆ.

ಫ್ಯೂಜಿಯ ಬಗ್ಗೆ ಇಷ್ಟುದ್ದ ಬರೆಯಲು ಕಾರಣವಿದೆ. ನನ್ನ ಸಂಶೋಧನೆ ಉತ್ತರ ಕನ್ನಡ ಕರಾವಳಿಯ ಸ್ಥಳಪುರಾಣಗಳು ಯಕ್ಷಗಾನದ ರಂಗಕ್ಕೆ ಬರುವ ಬಗೆಯನ್ನು ಕುರಿತದ್ದು. ಹಿಮಪರ್ವತ ಮತ್ತು ಸೂರ್ಯಾಸ್ತ, ಈ ಎರಡೂ ಒಟ್ಟಿಗೆ ಬರುವ ಕತೆಯೊಂದು ನಮ್ಮ ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಬುಡದಲ್ಲೇ ಇದೆ. ಎಲ್ಲರಿಗೂ ಗೊತ್ತಿರುವ ಕತೆ. ಹೆಚ್ಚು ಗೊತ್ತಿರುವುದರಿಂದಲೇ ಅದನ್ನು ಸಾಹಿತ್ಯವೆಂದು ಓದುವವರು ಕಡಿಮೆ.

ಕತೆ ಹೀಗೆ. ರಾವಣನ ತಾಯಿ ಕೈಕಸೆ ಕಡಲಂಚಿನಲ್ಲಿ ಮರಳಿನ ಲಿಂಗ ಮಾಡಿ ಪೂಜಿಸುತ್ತಾಳೆ, ಅಲೆ ಅದನ್ನು ಒಯ್ಯುತ್ತದೆ. ಮಗ ಕೈಲಾಸಕ್ಕೆ ಹೋಗಿ, ತಪಸ್ಸು ಮಾಡಿ ಆತ್ಮಲಿಂಗವನ್ನೇ ತರುತ್ತಾನೆ. ಲಂಕೆ ಮುಟ್ಟುವವರೆಗೆ ನೆಲಕ್ಕೆ ಇಡಬಾರದೆಂಬ ಷರತ್ತು. ಗೋಕರ್ಣದ ಹತ್ತಿರ ಬರುವಾಗ ವಿಷ್ಣು ಚಕ್ರದಿಂದ ಸೂರ್ಯನನ್ನು ಮರೆಮಾಡುತ್ತಾನೆ. ಸಂಜೆಯಾಯಿತೆಂದು ತಿಳಿದ ರಾವಣ ಸಂಧ್ಯಾವಂದನೆಗೆ ಹೋಗಬೇಕು. ಅಲ್ಲೇ ದನ ಕಾಯುತ್ತಿದ್ದ ಹುಡುಗನ ಕೈಗೆ ಲಿಂಗ ಕೊಡುತ್ತಾನೆ. ಹುಡುಗ ಗಣಪತಿ. ಮೂರು ಸಲ ಕರೆಯುತ್ತೇನೆ, ಬರದಿದ್ದರೆ ಇಡುತ್ತೇನೆ ಎನ್ನುತ್ತಾನೆ, ಹಾಗೆಯೇ ಮಾಡುತ್ತಾನೆ. ಲಿಂಗ ನೆಲ ಕಚ್ಚುತ್ತದೆ. ಎಳೆದೆಳೆದು ಸೋತ ರಾವಣ ಸಿಟ್ಟಿನಲ್ಲಿ ಲಿಂಗವನ್ನು ತಂದ ಪೆಟ್ಟಿಗೆ, ಮುಚ್ಚಳ, ದಾರ, ಬಟ್ಟೆ ಎಲ್ಲವನ್ನೂ ಎಸೆಯುತ್ತಾನೆ. ಪೆಟ್ಟಿಗೆ ಕಾರವಾರದ ಕಡೆ ಸಜ್ಜೇಶ್ವರದಲ್ಲಿ, ದಾರ ಕುಮಟಾ ತಾಲೂಕಿನ ಧಾರೇಶ್ವರದಲ್ಲಿ, ಮುಚ್ಚಳ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ, ಬಟ್ಟೆ ಭಟ್ಕಳ ತಾಲೂಕಿನ ಮುರುಡೇಶ್ವರದಲ್ಲಿ ಬೀಳುತ್ತವೆ.

ಭಕ್ತರು ಇದನ್ನು ಪಂಚಕ್ಷೇತ್ರಗಳ ಮಹಿಮೆ ಎಂದು ಕೇಳುತ್ತಾರೆ. 1958ರಲ್ಲಿ ರಾಜ್‌ಕುಮಾರ್ ರಾವಣನಾಗಿ ಅಭಿನಯಿಸಿದ ‘ಭೂಕೈಲಾಸ’ ಇದನ್ನು ಭಕ್ತನೊಬ್ಬನ ದುರಂತದಂತೆ ನೋಡಿತು. ಎರಡೂ ಸರಿಯೇ. ನನ್ನ ಗಮನ ಹೋಗುವುದು ಬೇರೆ ಕಡೆ. ಈ ಕತೆಯ ನಡುಮಧ್ಯದಲ್ಲಿ ಅರಬ್ಬೀ ಸಮುದ್ರದ ದಂಡೆಯ ಒಂದು ಸೂರ್ಯಾಸ್ತವಿದೆ. ಇಂದು ಆ ಸೂರ್ಯಾಸ್ತ ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಆದರೆ ಕತೆಯಲ್ಲಿ ಅದನ್ನು ಯಾರೂ ನೋಡುವುದಿಲ್ಲ! ರಾವಣ ಸಾಮಾನ್ಯ ರಸಿಕನಲ್ಲ. ತನ್ನ ನರಗಳನ್ನೇ ತಂತಿ ಮಾಡಿ ವೀಣೆ ನುಡಿಸಿದವನು ಎಂದು ಪ್ರತೀತಿ. ಅಂಥವನೂ ಗೋಕರ್ಣದಲ್ಲಿ ಪಡುವಣದ ಕಡೆ ತಿರುಗಿ ಏನು ಬಣ್ಣ ಎನ್ನುವುದಿಲ್ಲ. ಅವನಿಗೆ ಕಾಣುವುದು ಹೊತ್ತು. ಕೈಯಲ್ಲಿ ಇಡಲಾಗದ ವಸ್ತು, ತಪ್ಪಿಸಲಾಗದ ಕರ್ಮ, ಕೆಳಗಿಳಿಯುತ್ತಿರುವ ಹೊತ್ತು. ಇಡೀ ಪ್ರಸಂಗದ ಬಿಗಿ ಇರುವುದು ಈ ಮೂರರ ನಡುವೆ. ಸೂರ್ಯಾಸ್ತವನ್ನು ಮೆಚ್ಚುವುದಕ್ಕೆ ಒಂದು ನಿಮಿಷ ಕೊಟ್ಟರೂ ಕತೆ ಸಡಿಲವಾಗಿಬಿಡುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಮುಸ್ಸಂಜೆ ಎಂದರೆ ಮೊದಲು ನೆನಪಾಗುವುದು ಬೇಡಗಳ ಪಟ್ಟಿ: ಮಲಗಬೇಡ, ಹೊಸ್ತಿಲ ಮೇಲೆ ಕೂರಬೇಡ, ತಲೆ ಬಾಚಬೇಡ, ಹಾಲು ಮೊಸರು ಹೊರಗೆ ಕೊಡಬೇಡ. ಆಮೇಲೆ ದೀಪ. ಭಟ್ಕಳದ ನವಾಯತರ ಮನೆಗಳಲ್ಲಿ ಅದೇ ಹೊತ್ತು ಮಗ್ರಿಬ್ ನಮಾಜಿನದು. ರಂಜಾನಿನ ತಿಂಗಳಲ್ಲಂತೂ ಊರಿಗೂರೇ ಆ ನಿಮಿಷಕ್ಕೆ ಕಿವಿಗೊಟ್ಟು ಕೂತಿರುತ್ತದೆ. ಎರಡು ಧರ್ಮಗಳ ಸಂಜೆಯೂ ಇಲ್ಲಿ ಕಣ್ಣಿನದಲ್ಲ, ಕರ್ತವ್ಯದ್ದು. ರಾವಣ ಮೋಸಹೋದದ್ದು ಅವನ ದುರಾಸೆಯಿಂದ ಎಂದು ಹರಿಕತೆಗಳಲ್ಲಿ ಹೇಳುವುದುಂಟು. ಕತೆಯನ್ನೇ ಹಿಡಿದು ಹೇಳುವುದಾದರೆ ಅವನು ಮೋಸಹೋದದ್ದು ಶಿಸ್ತಿನಿಂದ. ಸಂಧ್ಯಾವಂದನೆ ಬಿಟ್ಟು ಮುಂದೆ ಹೋಗುವ ಉಡಾಫೆಯ ಮನುಷ್ಯನಾಗಿದ್ದರೆ ಆತ್ಮಲಿಂಗ ಲಂಕೆಗೆ ಹೋಗುತ್ತಿತ್ತು. ದೇವತೆಗಳಿಗೆ ಇದು ಗೊತ್ತಿತ್ತು. ಬಲೆ ಬೀಸಿದ್ದು ಅಲ್ಲೇ.

ಈ ಓದು ಪುಸ್ತಕದ್ದಷ್ಟೇ ಅಲ್ಲ ಎಂದು ನನಗನ್ನಿಸಿದ್ದು ಕ್ಷೇತ್ರಕಾರ್ಯದ ದಿನಗಳಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ. ಈ ಊರಿನ ಕಡಲತೀರಕ್ಕೆ 2020ರ ಅಕ್ಟೋಬರಿನಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಬಂತು. ಕರ್ನಾಟಕದಲ್ಲಿ ಆಗ ಬಂದದ್ದು ಎರಡಕ್ಕೆ, ಇನ್ನೊಂದು ಪಡುಬಿದ್ರಿ. ಅಚ್ಚುಕಟ್ಟಾದ ಜಾಗ, ಸಂಜೆ ಒಳ್ಳೆಯ ಗಾಳಿ. ಅದೇ ಕಾಸರಕೋಡಿನ ಟೊಂಕದಲ್ಲಿ ಒಣಮೀನಿನ ಹೆಂಗಸರಿದ್ದಾರೆ, ಕಡಲಾಮೆಗಳು ಬಂದು ಮೊಟ್ಟೆಯಿಡುವ ಮರಳಿದೆ, ಖಾಸಗಿ ಬಂದರು ಯೋಜನೆಯ ವಿರುದ್ಧ ಮೀನುಗಾರ ಕುಟುಂಬಗಳು ವರ್ಷಗಳಿಂದ ನಡೆಸಿಕೊಂಡು ಬಂದ ಹೋರಾಟವಿದೆ. ಒಂದು ಸಂಜೆ ನಾನು ಮೀನು ಒಣಗಿಸುವ ಕಡೆ ನಿಂತು ಕಡಲು ನೋಡುತ್ತಿದ್ದಾಗ ಹಿರಿಯ ಹೆಂಗಸೊಬ್ಬರು, “ತಂಗೀ, ಸ್ವಲ್ಪ ಆ ಬದಿಗೆ ಹೋಗು, ಹೊತ್ತು ಮುಳುಗೂಕೆ ಮೊದ್ಲು ಇದೆಲ್ಲ ತೆಗೀಬೇಕು” ಎಂದರು. ಇಬ್ಬನಿ ಬಿದ್ದರೆ ಒಣಗಿದ ಮೀನು ಮತ್ತೆ ಮೆತ್ತಗಾಗುತ್ತದೆ. ನಾನೂ ಒಂದು ಬುಟ್ಟಿ ಹಿಡಿದೆ. ಪಡುವಣದಲ್ಲಿ ಏನೇನು ಬಣ್ಣವಾಯಿತೋ, ನಮ್ಮ ಬೆನ್ನ ಹಿಂದೆ ಆಯಿತು. ಹೊಕುಸಾಯಿಯ ದೋಣಿಯವರು ನೆನಪಾದದ್ದು ರಾತ್ರಿ, ಟಿಪ್ಪಣಿ ಬರೆಯುವಾಗ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನನ್ನ ಸ್ನೇಹಿತರೇ ಎತ್ತಿದ್ದಾರೆ: ದುಡಿಯುವವರು ಸೌಂದರ್ಯ ನೋಡುವುದಿಲ್ಲ ಎನ್ನುವುದೂ ಒಂದು ಬಗೆಯ ಅವಮಾನವೇ ಅಲ್ಲವೇ? ಹೌದು. ಹಾಗೆ ನಾನು ಹೇಳುತ್ತಿಲ್ಲ. ಬುಟ್ಟಿ ತುಂಬುತ್ತಿದ್ದ ಆ ಹೆಂಗಸಿಗೆ ನನಗಿಂತ ಚೆನ್ನಾಗಿ ಆಕಾಶ ಗೊತ್ತು. ನಾಳೆ ಮೋಡ ಬರುತ್ತದೋ ಇಲ್ಲವೋ ಎಂದು ಪಡುವಣದ ಬಣ್ಣ ನೋಡಿ ಹೇಳಬಲ್ಲರು. ಪ್ರಶ್ನೆ ನೋಡುವುದರದ್ದಲ್ಲ, ನೋಟವನ್ನು ಬರೆಯುವುದರದ್ದು. ಕರಾವಳಿಯ ಬಗ್ಗೆ ಕನ್ನಡದಲ್ಲಿ ಈಗ ರಾಶಿಗಟ್ಟಲೆ ಬರುತ್ತಿರುವ ಪ್ರವಾಸಿ ಗದ್ಯದಲ್ಲಿ ‘ಸೂರ್ಯಾಸ್ತದ ವಿಹಂಗಮ ನೋಟ’ ಎಂಬ ಮಾತಿದೆ, ಒಣಮೀನು ಇಲ್ಲ. ಯಶವಂತ ಚಿತ್ತಾಲರ ಹನೇಹಳ್ಳಿಯಾಗಲಿ ಜಯಂತ ಕಾಯ್ಕಿಣಿಯವರ ಗೋಕರ್ಣವಾಗಲಿ ಹೀಗೆ ‘ನೋಟ’ವಾಗಲಿಲ್ಲ. ಎರಡೂ ಇದೇ ಕುಮಟಾ ತಾಲೂಕಿನವು, ಎರಡರ ಪಕ್ಕದಲ್ಲೂ ಕಡಲಿದೆ. ಅವರಿಂದ ಕಲಿಯಬಹುದಾಗಿದ್ದ ಸಂಯಮವನ್ನು ನಾವು ಕಲಿಯಲಿಲ್ಲ ಅನ್ನಿಸುತ್ತದೆ.

ಇನ್ನು ಹಿಮದ ವಿಷಯ. ಆಟದಲ್ಲಿ ಕೈಲಾಸ ಬರುವುದು ಹೇಗೆ? ಸಾಂಪ್ರದಾಯಿಕ ರಂಗದಲ್ಲಿ ಬೆಟ್ಟದ ಪರದೆಯಿಲ್ಲ. ಇಬ್ಬರು ಹಿಡಿಯುವ ತೆರೆ, ಒಂದು ರಥ ಎನ್ನುವ ಮಣೆ, ಭಾಗವತರ ಪದ, ಅರ್ಥದ ಮಾತು. ಕೈಲಾಸದ ಮುಚ್ಚಳ ಬಿದ್ದ ಗುಣವಂತೆ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ಊರೂ ಹೌದು. ಅಲ್ಲಿಂದ ಹೊರಟ ಕಲಾವಿದರು ಹಿಮವನ್ನೇ ಕಾಣದ ಜನರ ಎದುರು, ಮಣ್ಣಿನ ಅಂಗಳದಲ್ಲಿ, ಸೆಕೆಯಲ್ಲಿ ಬೆವರುತ್ತ ಕೈಲಾಸ ಕಟ್ಟಬೇಕು. ನಾನು ಕೇಳಿದ ಒಂದು ತಾಳಮದ್ದಳೆಯಲ್ಲಿ ರಾವಣನ ಅರ್ಥ ಹೇಳುತ್ತಿದ್ದವರು ಕೈಲಾಸದ ಚಳಿಯನ್ನು ಸಂಸ್ಕೃತ ಸಮಾಸಗಳಲ್ಲಿ ಬಹಳ ಹೊತ್ತು ವರ್ಣಿಸಿದರು. ಸಭೆ ತೂಕಡಿಸುತ್ತಿತ್ತು. ಕೊನೆಗೆ ಬಂದರಿನ ಐಸಿನ ಮೇಲೆ ಬರಿಗಾಲಲ್ಲಿ ಹತ್ತು ಸಾವಿರ ವರ್ಷ ನಿಂತೆ ಎಂಬರ್ಥದ ಮಾತು ಬಂತು. ಇಡೀ ಸಭೆ ಎದ್ದು ಕೂತಿತು. ತದಡಿ, ಹೊನ್ನಾವರ, ಭಟ್ಕಳದ ಮೀನುಗಾರಿಕೆ ಬಂದರುಗಳಲ್ಲಿ ಸಂಜೆ ಪುಡಿ ಐಸು ರಾಶಿ ಬೀಳುವುದನ್ನು ಕಂಡವರೆಲ್ಲರಿಗೂ ಆ ತಣ್ಣಗಿನ ಉರಿ ಗೊತ್ತು. ಔಚಿತ್ಯಭಂಗ ಎಂದು ಪಂಡಿತರು ಹೇಳಿಯಾರು. ನನಗೆ ಅದು ಆ ರಾತ್ರಿಯ ಅತ್ಯುತ್ತಮ ವಿಮರ್ಶೆಯಂತೆ ಕೇಳಿಸಿತು: ಹಿಮ ಶಬ್ದವಾಗಿದ್ದದ್ದು ಮೊದಲ ಬಾರಿಗೆ ಅಂಗಾಲಿಗೆ ತಾಗಿತು.

ಬೆಂಕಿಯ ಬೆಟ್ಟವೂ ಈ ಪುರಾಣಲೋಕದಲ್ಲಿ ಇಲ್ಲದಿಲ್ಲ. ಕುಮಟಾದ ಯಾಣದಲ್ಲಿ 120 ಮೀಟರ್ ಎತ್ತರಕ್ಕೆ ಎದ್ದ ಭೈರವೇಶ್ವರ ಶಿಖರವನ್ನೂ ಅದರ ಪಕ್ಕದ ಮೋಹಿನೀ ಶಿಖರವನ್ನೂ ನೋಡಿ ಜ್ವಾಲಾಮುಖಿಯ ಕಲ್ಲು ಎಂದುಕೊಳ್ಳುವವರಿದ್ದಾರೆ. ಭಸ್ಮಾಸುರ ಸುಟ್ಟುಹೋದ ಜಾಗ, ಮಣ್ಣು ಅದಕ್ಕೇ ಕಪ್ಪು ಎನ್ನುತ್ತದೆ ಕತೆ. ಭೂವಿಜ್ಞಾನ ಅದನ್ನು ಸುಣ್ಣಕಲ್ಲು ಎನ್ನುತ್ತದೆ. ಕೈಲಾಸವೂ ಜ್ವಾಲಾಮುಖಿಯಲ್ಲ, ಉರುಟುಗಲ್ಲುಗಳು ಗಟ್ಟಿಗೊಂಡು ಆದದ್ದು. ನಿಜವಾದ ಜ್ವಾಲಾಮುಖಿಯ ಕಲ್ಲು ನೋಡಬೇಕೆಂದರೆ ಭಟ್ಕಳ ದಾಟಿ ದಕ್ಷಿಣಕ್ಕೆ ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪಗಳಿಗೆ ಹೋಗಬೇಕು. ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಕಂಬಗಲ್ಲುಗಳು ಅಲ್ಲಿವೆ. ಅಲ್ಲಿಗೂ ಜನ ಹೋಗುವುದು ಫೋಟೋಕ್ಕೇ.

ಮತ್ತೆ ರಾವಣ ಎಸೆದದ್ದರ ಕಡೆ ಬರೋಣ. ನಮ್ಮ ಪಾಲಿಗೆ ಬಂದದ್ದೇನು ಎಂದು ಒಮ್ಮೆ ಲೆಕ್ಕ ಹಾಕಿ. ಲಿಂಗ ಗೋಕರ್ಣದಲ್ಲಿ ನಿಂತಿತು. ಉಳಿದ ಊರುಗಳಿಗೆ ಬಂದದ್ದು ಕಟ್ಟಿ ತಂದ ಸಾಮಾನು: ದಾರ, ಮುಚ್ಚಳ, ಬಟ್ಟೆ. ಯಾವ ಊರೂ ಇದಕ್ಕೆ ಬೇಸರಪಟ್ಟುಕೊಂಡದ್ದಿಲ್ಲ. ಮುಚ್ಚಳ ಬಿದ್ದ ಜಾಗವನ್ನೂ ಪೂಜಿಸಿದರು, ದಾರ ಬಿದ್ದ ಜಾಗಕ್ಕೂ ದೇವಸ್ಥಾನ ಕಟ್ಟಿದರು. ಹಿಮಾಲಯದ ಭವ್ಯತೆಯನ್ನು ಇಷ್ಟು ಮನೆಮಟ್ಟಕ್ಕೆ ಇಳಿಸಿಕೊಂಡ ಕಲ್ಪನೆ ಬೇರೆಲ್ಲಾದರೂ ಇದೆಯೇ ನನಗೆ ತಿಳಿಯದು. ಫ್ಯೂಜಿ ದೂರದಲ್ಲಿ ನಿಂತೇ ಇರುತ್ತದೆ, ಜನ ಅದರ ಸುತ್ತ ತಿರುಗುತ್ತಾರೆ. ನಮ್ಮ ಕೈಲಾಸ ಪೊಟ್ಟಣವಾಗಿ ಬಂತು, ಬಿಚ್ಚಿಹೋಯಿತು, ಹರಡಿತು. ಪುರಾಣ ಕಟ್ಟಿದವರಿಗೆ ಸಾಮಾನು ಸಾಗಿಸುವ ಬಂದರುಗಳ ಅನುಭವವಿತ್ತೇನೋ ಅನ್ನಿಸುವುದುಂಟು. ಇದು ಊಹೆ, ಪ್ರಬಂಧದಲ್ಲಿ ಬರೆದರೆ ಗೈಡ್ ಕೆಂಪು ಗೆರೆ ಎಳೆಯುತ್ತಾರೆ.

ಬಟ್ಟೆ ಬಿದ್ದ ಮುರುಡೇಶ್ವರದಲ್ಲಿ ಮಾತ್ರ ಭವ್ಯತೆ ಮತ್ತೆ ಎದ್ದು ನಿಂತಿದೆ. ಕಂದುಕ ಗಿರಿಯ ಮೇಲೆ 123 ಅಡಿಯ ಶಿವ, ಎದುರಿಗೆ ಲಿಫ್ಟು ಇರುವ ಇಪ್ಪತ್ತು ಅಂತಸ್ತಿನ ಗೋಪುರ, ಮೂರು ಕಡೆ ಕಡಲು. ಸಂಜೆ ಆ ವಿಗ್ರಹ ಕಪ್ಪು ಆಕೃತಿಯಾಗಿ ಕಾಣುವ ಹೊತ್ತಿಗೆ ಫೋನುಗಳೆಲ್ಲ ಎದ್ದೇಳುತ್ತವೆ. ವಿಗ್ರಹದ ಕೆಳಗಿನ ಗುಹೆಯಲ್ಲಿ ಇದೇ ಆತ್ಮಲಿಂಗದ ಕತೆಯನ್ನು ಬೊಂಬೆಗಳಲ್ಲಿ ತೋರಿಸಿದ್ದಾರೆ. ಹೊರಗೆ ಸೂರ್ಯಾಸ್ತಕ್ಕೆ ಕಾಯುವ ಜನ, ಒಳಗೆ ಸೂರ್ಯಾಸ್ತವೆಂದು ನಂಬಿ ಕೆಟ್ಟ ರಾವಣ. ಈ ಎರಡರ ನಡುವೆ ಇರುವುದು ಕೆಲವೇ ಮಾರು. ವ್ಯಂಗ್ಯಕ್ಕಾಗಿ ಇದನ್ನು ಹೇಳುತ್ತಿಲ್ಲ. ಹೊರಗೆ ನಿಂತು ಮೆಚ್ಚಿದ ಸಂಜೆಗಳು ನನಗೂ ಇವೆ, ಮಕ್ಕಳು ನೀರಲ್ಲಿ ಕೇಕೆ ಹಾಕುವಾಗ ಬೇರೆ ಏನೂ ಬೇಡ ಅನ್ನಿಸಿದೆ. ಆದರೆ ಒಳಗಿನ ಕತೆಯನ್ನು ಹೊರಗಿನ ನೋಟಕ್ಕೆ ಟಿಪ್ಪಣಿಯಂತೆ ಇಟ್ಟುಕೊಂಡರೆ ನಾವು ಆ ನೋಟದಲ್ಲಿ ಬೇರೆಯದನ್ನೂ ಕಂಡೇವು.

ಸೂರ್ಯನನ್ನು ಮರೆಮಾಡುವುದು ಪುರಾಣದ ಉತ್ಪ್ರೇಕ್ಷೆ ಎಂದು ತಳ್ಳಿಹಾಕುವಂತಿಲ್ಲ. 1883ರ ಆಗಸ್ಟ್ ಕೊನೆಯಲ್ಲಿ ಕ್ರಾಕಟೋವ ಸಿಡಿದ ಮೇಲೆ ಸೆಪ್ಟೆಂಬರಿನಲ್ಲಿ ಸಿಲೋನ್, ಮದ್ರಾಸುಗಳಲ್ಲಿ ಸೂರ್ಯ ಹಸಿರಾಗಿ ಕಂಡನೆಂದು ದಾಖಲೆಯಿದೆ. ಆಮೇಲೆ ತಿಂಗಳುಗಟ್ಟಲೆ ಲೋಕದ ಸಂಜೆಗಳೆಲ್ಲ ವಿಪರೀತ ಕೆಂಪಾದವು. ದೂರದ ಬೆಟ್ಟದ ಬೂದಿ ಇಲ್ಲಿಯ ಹೊತ್ತನ್ನು ಕೆಡಿಸಬಲ್ಲದು. ಇನ್ನೊಂದು ಮರೆ 2024ರ ಮೇ ತಿಂಗಳಿನದು: ಫ್ಯೂಜಿಯ ತಪ್ಪಲಿನ ಫುಜಿಕವಾಗುಚಿಕೊ ಪಟ್ಟಣದವರು ಫೋಟೋಕ್ಕೆ ಮುಗಿಬೀಳುವ ಪ್ರವಾಸಿಗರ ಕಾಟ ತಾಳದೆ, ಅಂಗಡಿಯೊಂದರ ಎದುರಿನ ಕಾಲುದಾರಿಯಲ್ಲಿ ಎರಡೂವರೆ ಮೀಟರ್ ಎತ್ತರ, ಇಪ್ಪತ್ತು ಮೀಟರ್ ಉದ್ದದ ಕಪ್ಪು ಬಲೆ ಕಟ್ಟಿ ಬೆಟ್ಟವನ್ನೇ ಮರೆಮಾಡಿದರು. ವಿಷ್ಣುವಿನ ಚಕ್ರ ಒಬ್ಬನಿಂದ ಕೈಲಾಸವನ್ನು ಕಸಿಯುವುದಕ್ಕೆ. ಆ ಕಪ್ಪು ಬಲೆ ಊರವರ ರಸ್ತೆಯನ್ನು ಊರವರಿಗೆ ಉಳಿಸುವುದಕ್ಕೆ. ಆಗಸ್ಟಿನಲ್ಲಿ ಅದನ್ನು ತೆಗೆದರು.

ಪ್ರಸಂಗದಲ್ಲಿ ನನಗೆ ಇನ್ನೂ ಬಿಡಿಸಲಾಗದೆ ಉಳಿದಿರುವ ಒಂದು ಜಾಗವಿದೆ. ಲಿಂಗ ನೆಲಕ್ಕೆ ಬಿದ್ದ ಮೇಲೆ ವಿಷ್ಣು ಚಕ್ರವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಸೂರ್ಯ ಮತ್ತೆ ಕಾಣುತ್ತಾನೆ. ಅಲ್ಲಿಗೆ ಮೋಸ ಬಯಲಾಯಿತು. ಸಾಮಾನ್ಯವಾಗಿ ಭಾಗವತರು ದ್ರುತಕ್ಕೆ ಹೋಗುತ್ತಾರೆ, ರಾವಣ ಲಿಂಗ ಎಳೆಯತೊಡಗುತ್ತಾನೆ, ಚೆಂಡೆ ಜೋರಾಗುತ್ತದೆ. ಆದರೆ ಆ ದಿನಕ್ಕೆ ಇನ್ನೊಂದು ಸೂರ್ಯಾಸ್ತ ಬಾಕಿಯಿದೆ, ನಿಜವಾದದ್ದು. ಅಷ್ಟರಲ್ಲಿ ರಾವಣನ ಕೈ ಖಾಲಿ. ಇಡಬಾರದ ವಸ್ತುವಿಲ್ಲ, ಕಾಯುವ ಹುಡುಗನಿಲ್ಲ, ಅರ್ಘ್ಯ ಆಗಲೇ ಕೊಟ್ಟಾಗಿದೆ. ಮತ್ತೊಮ್ಮೆ ಕೊಡಬೇಕೋ ಬೇಡವೋ? ಧರ್ಮಸೂಕ್ಷ್ಮ ಗೊತ್ತಿದ್ದ ಅರ್ಥಧಾರಿಗೆ ಇಲ್ಲಿ ಒಂದು ಗಂಟೆ ಮಾತಾಡಲು ಸಾಮಗ್ರಿಯಿದೆ. ನಾನು ಕೇಳಿದ ಆಟಗಳಲ್ಲಿ, ತಾಳಮದ್ದಳೆಗಳಲ್ಲಿ ಯಾರೂ ಅಲ್ಲಿ ನಿಲ್ಲಲಿಲ್ಲ. ಹಳೆಯ ಅರ್ಥಧಾರಿಗಳಲ್ಲಿ ಯಾರಾದರೂ ನಿಂತಿದ್ದರೇ ಎಂದು ಗುಣವಂತೆ, ಇಡಗುಂಜಿ, ಕುಮಟಾದ ಕಡೆಯ ಹಿರಿಯರನ್ನು ಕೇಳುತ್ತಿದ್ದೇನೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಕ್ಯಾಸೆಟ್ಟಿದ್ದರೆ, ರಾವಣ ಮುಚ್ಚಳ ಎಸೆದ ಮೇಲೆ ಬಟ್ಟೆ ಎಸೆಯುವ ಮೊದಲು ಏನು ಹೇಳುತ್ತಾನೆ ಎಂಬಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳಿ.